ತೀವ್ರ ಟಿಕ್ ಕಾಯಿಲೆಗೆ ಡೀಪ್ ಬ್ರೈನ್ ಸ್ಟಿಮ್ಯುಲೇಶನ್ ಚಿಕಿತ್ಸೆ: ದೀರ್ಘಕಾಲಿಕ ಪರಿಣಾಮಗಳು

(ಜಗಳೂರು ತಾಲ್ಲೂಕು ಸೊಕ್ಕೆ ಹಾಗೂ ಸುತ್ತಮುತ್ತಲಿನ ಗ್ರಾಮಗಳ ಸಾರ್ವಜನಿಕರ ಮಾಹಿತಿಗಾಗಿ)

1. ಕಾಯಿಲೆಯ ಸ್ವರೂಪ
ಇಚ್ಛೆಯಿಲ್ಲದೆ ಪದೇ ಪದೇ ಕಣ್ಣು ಮಿಟುಕಿಸುವುದು, ಕತ್ತು ಕೊಡವುವುದು, ಗಂಟಲಿನಿಂದ ಶಬ್ದ ಹೊರಡಿಸುವುದು ಮುಂತಾದವುಗಳನ್ನು ಟಿಕ್ ಎನ್ನಲಾಗುತ್ತದೆ. ಚಲನೆ ಹಾಗೂ ಧ್ವನಿಯ ಟಿಕ್‌ಗಳೆರಡೂ ಒಂದು ವರ್ಷಕ್ಕೂ ಮೇಲ್ಪಟ್ಟು ಇದ್ದಲ್ಲಿ ಅದು ಟುರೆಟ್ ಕಾಯಿಲೆಯಾಗಿರಬಹುದು. ಇದು ಮಿದುಳಿಗೆ ಸಂಬಂಧಿಸಿದ ತೊಂದರೆಯೇ ಹೊರತು ಮಗುವಿನ ತುಂಟತನವಾಗಲಿ, ಗಾಳಿ ಸೋಂಕಾಗಲಿ ಅಲ್ಲ. ಮಗುವನ್ನು ದಂಡಿಸುವುದರಿಂದ ಪ್ರಯೋಜನವಿಲ್ಲ. ಸಾಮಾನ್ಯವಾಗಿ 10ರಿಂದ 12ನೇ ವಯಸ್ಸಿನಲ್ಲಿ ಹೆಚ್ಚಾಗುವ ಟಿಕ್‌ಗಳು ಪ್ರಾಯಕ್ಕೆ ಬರುವ ವೇಳೆಗೆ ಬಹುತೇಕರಲ್ಲಿ ಕಡಿಮೆಯಾಗುತ್ತವೆ.

2. ಚಿಕಿತ್ಸೆಯ ವಿಧಾನ
ಮಿದುಳಿನ ಆಳದಲ್ಲಿ ತೆಳುವಾದ ತಂತಿಗಳನ್ನು ಅಳವಡಿಸಿ, ಎದೆಯ ಚರ್ಮದ ಕೆಳಗಿರಿಸಿದ ಬ್ಯಾಟರಿ ಉಪಕರಣದಿಂದ ಅಲ್ಪ ಪ್ರಮಾಣದ ವಿದ್ಯುತ್ ಹರಿಸಲಾಗುತ್ತದೆ. ಟುರೆಟ್ ಕಾಯಿಲೆಗೆ ಈ ವಿಧಾನದ ಬಳಕೆಯು 1999ರಲ್ಲಿ ನೆದರ್‌ಲ್ಯಾಂಡ್ಸ್ ವೈದ್ಯರಿಂದ ಮೊದಲು ವರದಿಯಾಯಿತು. ಔಷಧ ಹಾಗೂ ವರ್ತನಾ ಚಿಕಿತ್ಸೆಗಳಿಂದ ಗುಣ ಕಾಣದ, ಟಿಕ್‌ಗಳಿಂದ ದೇಹಕ್ಕೆ ಪೆಟ್ಟಾಗುತ್ತಿರುವ ಅಥವಾ ದೈನಂದಿನ ಜೀವನ ಅಸಾಧ್ಯವಾಗಿರುವ ಕೆಲವೇ ರೋಗಿಗಳಿಗೆ ಮಾತ್ರ ಇದನ್ನು ಪರಿಶೀಲಿಸಲಾಗುತ್ತದೆ.

3. ದೀರ್ಘಕಾಲಿಕ ಫಲಿತಾಂಶ
10 ದೇಶಗಳ 185 ರೋಗಿಗಳ ಅಂತಾರಾಷ್ಟ್ರೀಯ ದಾಖಲೆಯು 2018ರಲ್ಲಿ ಪ್ರಕಟವಾಗಿದ್ದು, ಅದರಂತೆ ಕಾಯಿಲೆಯ ತೀವ್ರತೆಯು 100 ಅಂಕಗಳ ಮಾಪನದಲ್ಲಿ ಸರಾಸರಿ 75ರಿಂದ ಒಂದು ವರ್ಷದಲ್ಲಿ 41ಕ್ಕೆ ಇಳಿದಿದೆ. ಅಂದರೆ ಟಿಕ್‌ಗಳು ಕಡಿಮೆಯಾಗಿವೆ, ಸಂಪೂರ್ಣ ನಿಂತಿಲ್ಲ. ಗುಣವು ಕೂಡಲೇ ಕಾಣದೆ, ವಿದ್ಯುತ್ ಪ್ರಮಾಣವನ್ನು ತಿಂಗಳುಗಟ್ಟಲೆ ಹೊಂದಿಸಬೇಕಾಗುತ್ತದೆ. ಹಲವರಲ್ಲಿ ಸುಧಾರಣೆಯು ವರ್ಷಗಳ ಕಾಲ ಉಳಿದಿದೆ. ಕೆಲವರಲ್ಲಿ ಪ್ರಯೋಜನ ಸಾಲದೆ ಅಥವಾ ತೊಂದರೆಯುಂಟಾಗಿ ಉಪಕರಣವನ್ನು ತೆಗೆಯಲಾಗಿದೆ.

4. ಅಡ್ಡ ಪರಿಣಾಮಗಳು
ಮೇಲ್ಕಂಡ ದಾಖಲೆಯಂತೆ ಮಿದುಳಿನ ರಕ್ತಸ್ರಾವವು ಶೇ. 1.3ರಷ್ಟು, ಸೋಂಕು ಶೇ. 3.2ರಷ್ಟು ರೋಗಿಗಳಲ್ಲಿ ಕಂಡುಬಂದಿದೆ. ವಿದ್ಯುತ್ ಪ್ರಚೋದನೆಯಿಂದ ಮಾತು ತೊದಲುವುದು ಶೇ. 6.3ರಷ್ಟು, ಜುಮ್ಮೆನ್ನುವುದು ಶೇ. 8.2ರಷ್ಟು ರೋಗಿಗಳಲ್ಲಿ ವರದಿಯಾಗಿದೆ. ಗಾಯವನ್ನು ಪದೇ ಪದೇ ಮುಟ್ಟುವ ಅಭ್ಯಾಸವಿರುವವರಲ್ಲಿ ಸೋಂಕಿನ ಸಂಭವ ಹೆಚ್ಚು.

5. ಜೀವನಪರ್ಯಂತ ನಿರ್ವಹಣೆ
ಈ ಚಿಕಿತ್ಸೆಯು ಶಸ್ತ್ರಚಿಕಿತ್ಸೆಯ ದಿನಕ್ಕೆ ಮುಗಿಯುವುದಿಲ್ಲವೆಂಬುದನ್ನು ಕುಟುಂಬದವರು ಗಮನಿಸತಕ್ಕದ್ದು.
ಅ) ಸಾಮಾನ್ಯ ಬ್ಯಾಟರಿಯನ್ನು ಸುಮಾರು 3ರಿಂದ 5 ವರ್ಷಗಳಿಗೊಮ್ಮೆ ಸಣ್ಣ ಶಸ್ತ್ರಚಿಕಿತ್ಸೆಯ ಮೂಲಕ ಬದಲಿಸಬೇಕು. ಚಾರ್ಜ್ ಮಾಡುವ ಬ್ಯಾಟರಿ ಹೆಚ್ಚು ಕಾಲ ಬಾಳುತ್ತದೆ. ಆದರೆ ತಪ್ಪದೇ ಚಾರ್ಜ್ ಮಾಡಬೇಕು. ಬ್ಯಾಟರಿ ಮುಗಿದಲ್ಲಿ ಟಿಕ್‌ಗಳು ಮರುಕಳಿಸಬಹುದು.
ಆ) ಎಂ.ಆರ್.ಐ. ಪರೀಕ್ಷೆಗೆ ಮುನ್ನ ಉಪಕರಣದ ವಿವರ ತಿಳಿಸಬೇಕು. ಡಯಾಥರ್ಮಿ ಎಂಬ ಶಾಖ ಚಿಕಿತ್ಸೆಯನ್ನು ಪಡೆಯಕೂಡದು.
ಇ) ಉಪಕರಣದ ಗುರುತಿನ ಚೀಟಿಯನ್ನು ಸದಾ ಜೊತೆಯಲ್ಲಿಟ್ಟುಕೊಳ್ಳಬೇಕು.

6. ಅನುಸರಿಸಬೇಕಾದ ಕ್ರಮ
ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಜಗಳೂರು ತಾಲ್ಲೂಕು ಆಸ್ಪತ್ರೆಯಲ್ಲಿ, ತದನಂತರ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ತಪಾಸಣೆಗೆ ಒಳಪಡುವುದು. ಅವಶ್ಯವಿದ್ದಲ್ಲಿ ವೈದ್ಯರ ಶಿಫಾರಸು ಪತ್ರದೊಂದಿಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೆ ತೆರಳುವುದು. ಪಾರ್ಕಿನ್‌ಸನ್ ಮುಂತಾದ ಕಾಯಿಲೆಗಳಿಗೆ ಅಲ್ಲಿ ಈ ಶಸ್ತ್ರಚಿಕಿತ್ಸೆ ನಡೆಯುತ್ತಿದ್ದು, ಟಿಕ್ ರೋಗಿಗೆ ಇದು ಸೂಕ್ತವೇ ಎಂಬುದನ್ನು ನರರೋಗ, ಮನೋರೋಗ ಹಾಗೂ ನರಶಸ್ತ್ರಚಿಕಿತ್ಸಾ ತಜ್ಞರು ಒಟ್ಟಾಗಿ ತೀರ್ಮಾನಿಸಬೇಕಾಗುತ್ತದೆ. ಸೊಕ್ಕೆಯಿಂದ ಬೆಂಗಳೂರು 200 ಕಿ.ಮೀ.ಗೂ ಅಧಿಕ ದೂರವಿದ್ದು, ಮೊದಲ ವರ್ಷ ಹಲವು ಬಾರಿ ಹೋಗಿಬರಬೇಕಾಗುವುದರಿಂದ, ಜೊತೆಗೆ ಬರುವವರು, ಪ್ರಯಾಣ ವೆಚ್ಚ ಹಾಗೂ ಕೂಲಿ ನಷ್ಟವನ್ನು ಮುಂಚಿತವಾಗಿ ಲೆಕ್ಕ ಹಾಕುವುದು ಒಳಿತು.

7. ಆರ್ಥಿಕ ನೆರವು ಮತ್ತು ಪ್ರಮಾಣ ಪತ್ರ
ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವಾರ್ಷಿಕ ರೂ. 5 ಲಕ್ಷದವರೆಗೆ ಚಿಕಿತ್ಸಾ ಸೌಲಭ್ಯವಿದೆ. ಆದರೆ ಯೋಜನೆಯ ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಮಾತ್ರ ಇದು ಅನ್ವಯ. ಆದುದರಿಂದ ಉಪಕರಣದ ಬೆಲೆ ಹಾಗೂ ಮುಂದಿನ ಬ್ಯಾಟರಿ ಬದಲಾವಣೆಯ ವೆಚ್ಚ ಭರಿಸಲಾಗುವುದೇ ಎಂಬುದನ್ನು ದಾಖಲಾಗುವ ಮುನ್ನವೇ ಆಸ್ಪತ್ರೆಯಿಂದ ಲಿಖಿತವಾಗಿ ಪಡೆಯತಕ್ಕದ್ದು. ವಿಕಲಚೇತನರ ಹಕ್ಕುಗಳ ಅಧಿನಿಯಮ 2016ರಲ್ಲಿ ಟುರೆಟ್ ಕಾಯಿಲೆಯನ್ನು ಪ್ರತ್ಯೇಕವಾಗಿ ಹೆಸರಿಸಿರುವುದಿಲ್ಲ. ಪ್ರಮಾಣ ಪತ್ರದ ಅರ್ಜಿಯನ್ನು ವೈದ್ಯಕೀಯ ಪ್ರಾಧಿಕಾರವು ಪರಿಶೀಲಿಸಿ ತೀರ್ಮಾನಿಸುತ್ತದೆ.

ಆಪ್ತ ಸಮಾಲೋಚನೆಗಾಗಿ ಟೆಲಿ ಮನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದಾಗಿದೆ.