ಕೋಳಿಗೂಡಿನ ಹಾಸು

ಪಾವಗಡದ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ದೂರವಾಣಿ ಮಾಡಿ, "ಮೇಷ್ಟ್ರೇ, ಹಿತ್ತಿಲಲ್ಲಿ ಹತ್ತು ನಾಟಿಕೋಳಿ ಸಾಕಿದ್ದೇನೆ. ಗೂಡಿನ ನೆಲಕ್ಕೆ ಏನು ಹಾಸಲಿ?" ಎಂದು ಕೇಳಿದನು. ಚರಿತ್ರೆ ಪಾಠ ಹೇಳಿದವನನ್ನು ಕೇಳುವ ಪ್ರಶ್ನೆಯೇ ಇದು ಎಂದು ನಕ್ಕೆ. ಯೋಚಿಸಿದಂತೆಲ್ಲ, ನಮ್ಮ ನಾಲ್ಕು ತಾಲ್ಲೂಕುಗಳ ಬೇಸಾಯದ ಚರಿತ್ರೆಯೇ ಕೋಳಿಗೂಡಿನ ನೆಲದ ಮೇಲೆ ಹರಡಿಕೊಂಡಿದೆ ಎನ್ನಿಸಿತು.

1800ರಲ್ಲಿ ಫ್ರಾನ್ಸಿಸ್ ಬುಕನನ್ ಶಿರಾಕ್ಕೆ ಬಂದಾಗ ಈ ಸೀಮೆ ರಾಗಿಯ ಸೀಮೆ. ನಮ್ಮ ಅಜ್ಜಿಯ ಕಾಲಕ್ಕೂ ಮನೆಯಲ್ಲಿ ಹೆಚ್ಚು ಬದಲಾವಣೆ ಆಗಿರಲಿಲ್ಲ. ರಾತ್ರಿ ಕೋಳಿಗಳನ್ನು ಮಂಕರಿಯ ಕೆಳಗೆ ಕವುಚುತ್ತಿದ್ದರು. ಬೆಳಿಗ್ಗೆ ಒಲೆಯ ಬೂದಿ ಎರಚಿ ಗುಡಿಸಿದರೆ ಕಸ ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ. ಹೇಂಟೆಯನ್ನು ಕಾವಿಗೆ ಕೂರಿಸುವಾಗ ಮಾತ್ರ ಕುಕ್ಕೆಯಲ್ಲಿ ಮರಳು, ಮೇಲೆ ಹುಲ್ಲು, ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಒಂದು ಕಬ್ಬಿಣದ ಚೂರು. ಗುಡುಗಿನ ವಿಷಯ ನಾನು ಒಪ್ಪಲಾರೆ. ಬೂದಿಯ ವಿಷಯ ಒಪ್ಪುತ್ತೇನೆ: ನುಣ್ಣನೆಯ ಒಣಬೂದಿಯಲ್ಲಿ ಹೊರಳಾಡಿದ ಕೋಳಿಗೆ ಹೇನಿನ ಕಾಟ ಕಡಿಮೆ.

ಕೊರಟಗೆರೆಯ ಕಡೆ, ಜಯಮಂಗಲಿಯ ಆಸುಪಾಸಿನಲ್ಲಿಯೂ ಕೆರೆ ಹಿಂದಿನ ಗದ್ದೆಗಳಲ್ಲಿಯೂ ಭತ್ತವಿದ್ದುದರಿಂದ ಅವರಿಗೆ ಭತ್ತದ ಹೊಟ್ಟು ಸಿಗುತ್ತಿತ್ತು. ಮಧುಗಿರಿ, ಶಿರಾ, ಪಾವಗಡಗಳ ಮಳೆಯಾಶ್ರಿತ ಹೊಲಗಳಿಗೆ 20ನೆಯ ಶತಮಾನದಲ್ಲಿ ಕಡಲೆಕಾಯಿ ಹಬ್ಬಿತು. ದಕ್ಷಿಣ ಅಮೆರಿಕ ಮೂಲದ ಈ ಬೆಳೆಯೊಡನೆ ಎಣ್ಣೆ ಮಿಲ್ಲುಗಳು ಬಂದವು, ಮಿಲ್ಲುಗಳ ಹಿಂದೆ ಸಿಪ್ಪೆಯ ಗುಡ್ಡೆಗಳು ಬಂದವು.

ಅಂಥದೊಂದು ಗುಡ್ಡೆಯಿಂದಲೇ ನಾನು ತಪ್ಪು ಮಾಡಿದ್ದು. ಆಗ ನಾನು ಪ್ರೌಢಶಾಲೆಯಲ್ಲಿದ್ದೆ. ನನ್ನ ನೋಟ್‌ಬುಕ್ಕು, ಪರೀಕ್ಷಾ ಶುಲ್ಕ ಎಲ್ಲವೂ ಅಮ್ಮ ಮೊಟ್ಟೆ ಮಾರಿದ ದುಡ್ಡಿನಿಂದಲೇ ನಡೆಯುತ್ತಿತ್ತು. ಆ ಸಲ ಹದಿನೇಳು ಮರಿಗಳು ಎದ್ದಿದ್ದವು. ಮರಿಗಳಿಗೆ ಮೆತ್ತಗಿರಲೆಂದು ಗುಡ್ಡೆಯ ತಳದಿಂದ, ಮಳೆಯಲ್ಲಿ ನೆನೆದು ಕಪ್ಪಾಗಿದ್ದ ಸಿಪ್ಪೆಯನ್ನು ಒಂದು ಚೀಲ ಹೊತ್ತು ತಂದು ಹಾಸಿದೆ. ವಾರ ಕಳೆಯುವುದರೊಳಗೆ ಮರಿಗಳು ಕೊಕ್ಕು ತೆರೆದು ಏದುಸಿರು ಬಿಡತೊಡಗಿದವು. ಉಳಿದವು ಮೂರು. ಅಮ್ಮ ದೃಷ್ಟಿ ತಾಗಿತೆಂದರು. ನಾನೂ ಹಾಗೆಯೇ ನಂಬಿದೆ. ನಂಬುವುದು ನನಗೆ ಅನುಕೂಲವೂ ಆಗಿತ್ತು.

ಒದ್ದೆ ಹಾಸಿನಲ್ಲಿ ಬೆಳೆಯುವ ಆಸ್ಪರ್ಜಿಲಸ್ ಎಂಬ ಬೂಷ್ಟಿನ ಕಣಗಳು ಮರಿಗಳ ಶ್ವಾಸಕೋಶಕ್ಕೆ ಇಳಿದು ಕೊಲ್ಲುತ್ತವೆಂದು ತಿಳಿದುದು ನಾನು ಉಪಾಧ್ಯಾಯನಾದ ಮೇಲೆ. ಅದೇ ಕುಲದ ಇನ್ನೊಂದು ಬೂಷ್ಟು ಕಡಲೆಕಾಯಿಯಲ್ಲಿ ವಿಷ ಉಂಟುಮಾಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ತಿಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗಲೇ ಅಫ್ಲಟಾಕ್ಸಿನ್ ಲೋಕಕ್ಕೆ ಗೊತ್ತಾದದ್ದು. ಅದು ಮೇವಿನ ಕಥೆ, ನನ್ನದು ಹಾಸಿನ ಕಥೆ. ಆದರೂ ಅದನ್ನು ಓದಿದ ದಿನ ಆ ಹದಿನಾಲ್ಕು ಮರಿಗಳು ಕಣ್ಣ ಮುಂದೆ ಬಂದವು. ಅಮ್ಮನಿಗೆ ಹೇಳಲು ಹೊರಟು ಹೇಳದೆ ಸುಮ್ಮನಾದೆ.

ಸಿಪ್ಪೆಯದೇ ದೋಷವೆಂದು ಯಾರೂ ತಿಳಿಯಬೇಡಿ. ಒಣಗಿದ ಕಡಲೆಕಾಯಿ ಸಿಪ್ಪೆ ಒಳ್ಳೆಯ ಹಾಸು. ಭತ್ತದ ಹೊಟ್ಟೂ ಒಳ್ಳೆಯದೇ. ರಾಗಿ ಹೊಟ್ಟು ಮಾತ್ರ ತೀರ ದೂಳು. ಡೀಪ್ ಲಿಟರ್ ಎಂಬ ಪದ್ಧತಿಯನ್ನು 1940ರ ದಶಕದಲ್ಲಿ ಅಮೆರಿಕದ ಓಹಾಯೊದಲ್ಲಿ ಪರೀಕ್ಷಿಸಿ ನೋಡಿದರು: ನಾಲ್ಕರಿಂದ ಆರು ಅಂಗುಲ ಹಾಸಿ, ದಿನವೂ ಬಳಿಯದೆ ಆಗಾಗ ಕೆದಕಿ, ಮೇಲೆ ಹೊಸದನ್ನು ಸೇರಿಸುತ್ತ ಹೋಗುವುದು. ಅಜ್ಜಿಯ ತಿಪ್ಪೆಯನ್ನೇ ಗೂಡಿನೊಳಕ್ಕೆ ತಂದಂತೆ! ಒಂದು ಹಿಡಿ ಹಾಸನ್ನು ಅಮುಕಿ ಕೈ ಬಿಟ್ಟಾಗ ಉದುರಿಹೋದರೆ ಸರಿ. ಉಂಡೆಯಾಗಿಯೇ ಉಳಿದರೆ ತೇವ ಹೆಚ್ಚಾಗಿದೆಯೆಂದು ಅರ್ಥ.

ಇಷ್ಟೆಲ್ಲ ಹೇಳಿ, "ನಿಮ್ಮಲ್ಲಿ ಕಡಲೆಕಾಯಿ ಸಿಪ್ಪೆಗೇನು ಬರವಪ್ಪಾ?" ಎಂದೆ. ಅವನು ನಕ್ಕನು. ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆ ಈಗ ಸೋಲಾರ್ ಪಾರ್ಕಿಗೆ ಗುತ್ತಿಗೆಯಾಗಿದೆ; ಅವನ ಹೊಲವೂ ಅದರಲ್ಲಿದೆ. "ಗಾಜಿನ ಹಲಗೆಗಳ ಕೆಳಗೆ ಕಡಲೆಕಾಯಿ ಎಲ್ಲಿ ಬರುತ್ತದೆ ಮೇಷ್ಟ್ರೇ? ಗುತ್ತಿಗೆ ಹಣ ಬರುತ್ತದೆ, ಅದನ್ನು ಹಾಸಲಾಗುವುದಿಲ್ಲವಲ್ಲ" ಎಂದನು.

ಕೊರಟಗೆರೆಯ ಅಕ್ಕಿ ಗಿರಣಿಯಿಂದ ಎರಡು ಚೀಲ ಹೊಟ್ಟು ತರಿಸಿದ್ದಾನಂತೆ. ಮೊದಲು ಎರಡು ದಿನ ಬಿಸಿಲಿಗೆ ಹರವೆಂದು ಹೇಳಿದ್ದೇನೆ.