ತ್ರೈರಾಶಿಕ

ಗೊತ್ತಿರುವ ಮೂರು ರಾಶಿಗಳಿಂದ ಗೊತ್ತಿಲ್ಲದ ನಾಲ್ಕನೆಯದನ್ನು ಅನುಪಾತದ ಬಲದಿಂದ ಕಂಡುಕೊಳ್ಳುವ ಗಣಿತಕ್ರಮ. ಪ್ರಮಾಣ, ಫಲ, ಇಚ್ಛಾ ಎಂಬುವು ಆ ಮೂರು ರಾಶಿಗಳ ಹೆಸರು. 4 ಸೇರು ಜೋಳಕ್ಕೆ 120 ರೂಪಾಯಿಯಾದರೆ 7 ಸೇರಿಗೆಷ್ಟು? ಫಲವನ್ನು (120) ಇಚ್ಛೆಯಿಂದ (7) ಗುಣಿಸಿ ಪ್ರಮಾಣದಿಂದ (4) ಭಾಗಿಸಿದರೆ 210. ಈ ಸೂತ್ರ ಆರ್ಯಭಟೀಯದಲ್ಲೇ (499) ಇದೆ. ಮೊದಲ ಮತ್ತು ಕೊನೆಯ ರಾಶಿಗಳು ಒಂದೇ ಜಾತಿಯವಾಗಿರಬೇಕೆಂದು ಬ್ರಹ್ಮಗುಪ್ತ (628) ವಿಧಿಸಿದ. ಸೇರಿನ ಎದುರು ರೂಪಾಯಿ ಬರೆದು ಎಡವುವ ಮಕ್ಕಳಿಗೆ ಇಂದಿಗೂ ಬೇಕಾದ ಎಚ್ಚರಿಕೆಯೇ ಅದು.

ಕನ್ನಡನಾಡಿನಲ್ಲಿ ಈ ಲೆಕ್ಕ ಬೆಳೆದದ್ದು ಹೆಚ್ಚಾಗಿ ಜೈನ ಗಣಿತಜ್ಞರ ಕೈಯಲ್ಲಿ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ (ಸುಮಾರು 850) ತ್ರೈರಾಶಿಕಕ್ಕೆ ಪ್ರತ್ಯೇಕ ಅಧ್ಯಾಯವನ್ನೇ ಕೊಡುತ್ತದೆ. ಅದಕ್ಕಿಂತ ಸ್ವಾರಸ್ಯವಾದುದು ಮುಂದಿನ ಮಿಶ್ರಕ ವ್ಯವಹಾರ. ಪಾಲುದಾರರು ಹೂಡಿದ ಹಣಕ್ಕೆ ತಕ್ಕಂತೆ ಲಾಭ ಹಂಚುವ ‘ಪ್ರಕ್ಷೇಪಕ’ದ ಲೆಕ್ಕಗಳು ಅಲ್ಲಿವೆ: ಪಾಲುಗಳನ್ನೆಲ್ಲ ಕೂಡಿಸಿ, ಆ ಮೊತ್ತದಿಂದ ಲಾಭವನ್ನು ಭಾಗಿಸಿ, ಬಂದದ್ದನ್ನು ಒಬ್ಬೊಬ್ಬರ ಪಾಲಿನಿಂದ ಗುಣಿಸಬೇಕು. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ಮೇಲೆ ಈ ಗ್ರಂಥ ಹೊರಜಗತ್ತಿಗೆ ಪರಿಚಯವಾಯಿತು.

ಇದೇ ವಿದ್ಯೆಯನ್ನು ಕನ್ನಡಕ್ಕಿಳಿಸಿದವನು 12ನೇ ಶತಮಾನದ ರಾಜಾದಿತ್ಯ. ಅವನ ‘ವ್ಯವಹಾರಗಣಿತ’ ಮೂರು ರಾಶಿಗಳಲ್ಲಿ ನಿಲ್ಲುವುದಿಲ್ಲ. ಐದು, ಏಳು, ಒಂಬತ್ತು ರಾಶಿಗಳವರೆಗೂ ಹೋಗುತ್ತದೆ. ಅಸಲು, ಅವಧಿ, ಬಡ್ಡಿ ಮೂರೂ ಸೇರುವ ಸಾಲದ ಲೆಕ್ಕಕ್ಕೆ ಪಂಚರಾಶಿಯೇ ಬೇಕು. ಆಳು ಹೆಚ್ಚಿದಂತೆ ದಿನ ಕಡಿಮೆಯಾಗುವಂಥ ಲೆಕ್ಕಕ್ಕೆ ವ್ಯಸ್ತ ಕ್ರಮ. ಆಸ್ಥಾನದ ಪಂಡಿತನಿಗಿಂತ ಅಂಗಡಿಯವನಿಗೂ ಶಾನುಭೋಗನಿಗೂ ಒದಗುವ ಪುಸ್ತಕವಿದು.

ಈ ವಿಧಾನಗಳಲ್ಲೆಲ್ಲ ಅಜ್ಞಾತಕ್ಕೆ ಹೆಸರಿಲ್ಲ, ಜಾಗ ಮಾತ್ರ ಇದೆ. ಹೆಸರಿಡುವ ಕೆಲಸ ಬೀಜಗಣಿತದ್ದು. ‘ಲೀಲಾವತಿ’ಯಲ್ಲಿ (1150) ತ್ರೈರಾಶಿಕವನ್ನು ಕೊಂಡಾಡಿದ ಎರಡನೇ ಭಾಸ್ಕರನೇ ‘ಬೀಜಗಣಿತ’ದಲ್ಲಿ ಅವ್ಯಕ್ತವನ್ನು ಯಾವತ್ತಾವತ್ ಎಂದು ಕರೆದ, ಒಂದಕ್ಕಿಂತ ಹೆಚ್ಚಿದ್ದರೆ ಕಾಲಕ, ನೀಲಕ, ಪೀತಕ ಎಂದು ಬಣ್ಣಗಳ ಹೆಸರು ಬಳಸಿದ.

ಈಗ ಸಂಡೂರು ತಾಲ್ಲೂಕಿನ ಬಂಡ್ರಿಯ ವಿದ್ಯಾರ್ಥಿಗೂ ಎರಡು ದಾರಿಗಳೂ ತೆರೆದಿವೆ. ಇಬ್ಬರು 3:5ರಂತೆ ಹಣ ಹಂಚಿಕೊಂಡರು, ಎರಡನೆಯವನಿಗೆ 4,000 ರೂಪಾಯಿ ಹೆಚ್ಚು ಸಿಕ್ಕಿತು ಎನ್ನಿ. ಒಂದು ಪಾಲು ‘ಕ್ಷ’ ಆದರೆ 5ಕ್ಷ – 3ಕ್ಷ = 4,000; ಕ್ಷ = 2,000. ಪಾಲುಗಳು 6,000 ಮತ್ತು 10,000. ಅಕ್ಷರ ಬೇಡವೆನ್ನುವವರು 2 ಪಾಲಿಗೆ 4,000 ಆದರೆ 8 ಪಾಲಿಗೆಷ್ಟು ಎಂದು ಕೇಳಿಕೊಂಡು ಒಟ್ಟು ಮೊತ್ತ 16,000ವನ್ನು ನೇರವಾಗಿ ಪಡೆಯಬಹುದು.