ಮೆಮೊರಿ ಚಿಪ್‌ಗಳಲ್ಲಿರುವ ವೈಯಕ್ತಿಕ ಮಾಹಿತಿಯ ಸಂರಕ್ಷಣೆ: ಗಾಳಿಬೀಡು ವ್ಯಾಪ್ತಿಯ ಅರ್ಜಿದಾರರ ತಿಳುವಳಿಕೆಗಾಗಿ

ಪೀಠಿಕೆ

ಮಡಿಕೇರಿ ತಾಲ್ಲೂಕಿನ ಗಾಳಿಬೀಡು ಗ್ರಾಮ ಪಂಚಾಯಿತಿ ವ್ಯಾಪ್ತಿಯ ನಾಗರಿಕರು ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಸಾಮಾಜಿಕ ಭದ್ರತಾ ಪಿಂಚಣಿ, ಚಾಲನಾ ಅನುಜ್ಞಾ ಪತ್ರ ಮುಂತಾದ ಸೇವೆಗಳಿಗೆ ಅರ್ಜಿ ಸಲ್ಲಿಸುವಾಗ ತಮ್ಮ ದಾಖಲೆಗಳ ಪ್ರತಿಗಳನ್ನು ಮೊಬೈಲ್ ಫೋನ್, ಮೆಮೊರಿ ಕಾರ್ಡ್ ಅಥವಾ ಪೆನ್ ಡ್ರೈವ್‌ನಲ್ಲಿ ಕೊಂಡೊಯ್ಯುವುದು ಸಾಮಾನ್ಯವಾಗಿದೆ. ಇವುಗಳ ಜೊತೆಗೆ ಸಿಮ್ ಕಾರ್ಡ್, ಬ್ಯಾಂಕ್ ಕಾರ್ಡ್ ಹಾಗೂ ಸ್ಮಾರ್ಟ್ ಕಾರ್ಡ್ ರೂಪದ ಚಾಲನಾ ಅನುಜ್ಞಾ ಪತ್ರವೂ ಅವರ ಬಳಿ ಇರುತ್ತವೆ. ಇವೆಲ್ಲವುಗಳಲ್ಲಿ ಮಾಹಿತಿಯು ಚಿಪ್‌ನಲ್ಲಿ ಸಂಗ್ರಹವಾಗಿರುತ್ತದೆ. ಕೆಲವು ಚಿಪ್‌ಗಳಿಗೆ ತಯಾರಿಕೆಯ ಹಂತದಲ್ಲಿಯೇ ಬೀಗವಿರುತ್ತದೆ. ಕೆಲವಕ್ಕೆ ಯಾವ ಬೀಗವೂ ಇರುವುದಿಲ್ಲ. ಈ ವ್ಯತ್ಯಾಸವನ್ನು ಅರಿತು ನಡೆದುಕೊಂಡಲ್ಲಿ ಮಾಹಿತಿಯ ದುರುಪಯೋಗವನ್ನು ಬಹುಮಟ್ಟಿಗೆ ತಡೆಯಬಹುದು.

1. ನೀರಿನಲ್ಲಿ ನೆನೆದ ಚಿಪ್

2018ರ ಆಗಸ್ಟ್ ತಿಂಗಳ ಅತಿವೃಷ್ಟಿ ಮತ್ತು ಭೂಕುಸಿತದ ಸಂದರ್ಭದಲ್ಲಿ ಗಾಳಿಬೀಡು, ಮಕ್ಕಂದೂರು, ಮುಕ್ಕೋಡ್ಲು ಸುತ್ತಮುತ್ತಲಿನ ಅನೇಕ ಕುಟುಂಬಗಳು ಮನೆ ತೊರೆದು ಪರಿಹಾರ ಕೇಂದ್ರಗಳಲ್ಲಿ ಆಶ್ರಯ ಪಡೆಯಬೇಕಾಯಿತು. ಇಂತಹ ಸಂದರ್ಭದಲ್ಲಿ ಕಾಗದದ ದಾಖಲೆಗಳು ನೆನೆದು ನಾಶವಾಗುತ್ತವೆ. ಚಿಪ್‌ನ ವಿಷಯ ಹಾಗಲ್ಲ. ಪೆನ್ ಡ್ರೈವ್, ಮೆಮೊರಿ ಕಾರ್ಡ್ ಮತ್ತು ಫೋನಿನ ಫ್ಲ್ಯಾಷ್ ಮೆಮೊರಿಯಲ್ಲಿ ಮಾಹಿತಿಯು ನಿರೋಧಕ ಪದರದಿಂದ ಆವೃತವಾದ ಅತಿಸೂಕ್ಷ್ಮ ಕೋಶಗಳಲ್ಲಿ ವಿದ್ಯುದಾವೇಶವಾಗಿ ನಿಂತಿರುತ್ತದೆ. ವಿದ್ಯುತ್ ಪೂರೈಕೆ ಇಲ್ಲದಿದ್ದರೂ ಅದು ವರ್ಷಗಟ್ಟಲೆ ಉಳಿಯುತ್ತದೆ. ನೀರಿನಿಂದ ಹೊರಗಿನ ಲೋಹದ ಸಂಪರ್ಕಗಳು ಕಿಲುಬು ಹಿಡಿಯಬಹುದಾದರೂ ಒಳಗಿನ ಮಾಹಿತಿ ತಾನಾಗಿ ಅಳಿಯುವುದಿಲ್ಲ.

ಇದರಿಂದ ಎರಡು ಅಂಶಗಳನ್ನು ಗಮನಿಸಬೇಕು:

(ಅ) ನೆನೆದ ಫೋನ್ ಅಥವಾ ಪೆನ್ ಡ್ರೈವ್ ಕೆಟ್ಟಿದೆಯೆಂದು ಕೂಡಲೇ ಎಸೆಯಬಾರದು. ಅದನ್ನು ಚಾಲೂ ಮಾಡದೆ, ಚಾರ್ಜ್‌ಗೆ ಹಾಕದೆ ಪೂರ್ಣವಾಗಿ ಒಣಗಿಸಿ ಪರಿಣತರಿಗೆ ತೋರಿಸಿದಲ್ಲಿ ಮಾಹಿತಿ ದೊರೆಯುವ ಸಾಧ್ಯತೆ ಇರುತ್ತದೆ.

(ಆ) ನೀರಿಗೆ ಬಿದ್ದದ್ದರಿಂದ ಮಾಹಿತಿ ನಾಶವಾಯಿತೆಂದು ಭಾವಿಸಿ ಗುಜರಿಗೆ ಹಾಕಿದ ಮೆಮೊರಿ ಕಾರ್ಡನ್ನು ಬೇರೊಬ್ಬರು ಒಣಗಿಸಿ ಓದಬಹುದು.

2. ಬೀಗವಿರುವ ಚಿಪ್‌ಗಳು

ಸ್ಮಾರ್ಟ್ ಕಾರ್ಡ್‌ನ ಚಿಪ್ ಕೇವಲ ಮೆಮೊರಿಯಲ್ಲ; ಅದೊಂದು ಪುಟ್ಟ ಗಣಕಯಂತ್ರ. ಅದರಲ್ಲಿ ಸಂಸ್ಕಾರಕ, ಮೆಮೊರಿ ಮತ್ತು ಕಾರ್ಯಾಚರಣಾ ತಂತ್ರಾಂಶ ಇರುತ್ತವೆ. ಹೊರಗಿನ ಯಂತ್ರವು ಮೆಮೊರಿಯನ್ನು ನೇರವಾಗಿ ತಲುಪಲಾಗದು. ಸಂಸ್ಕಾರಕವನ್ನು ಕೇಳಿಯೇ ಮಾಹಿತಿ ಪಡೆಯಬೇಕು.

ಚಾಲನಾ ಅನುಜ್ಞಾ ಪತ್ರ: ಸಾರಿಗೆ ಇಲಾಖೆಗಳ ಸ್ಮಾರ್ಟ್ ಕಾರ್ಡ್‌ಗಳಿಗಾಗಿ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ ಮತ್ತು ಕಾನ್ಪುರದ ಐ.ಐ.ಟಿ. ಸೇರಿ 'ಸ್ಕೋಸ್ಟಾ' ಎಂಬ ಮಾನದಂಡವನ್ನು ರೂಪಿಸಿದವು. ಇದರನ್ವಯ ಚಿಪ್‌ನಲ್ಲಿರುವ ಮಾಹಿತಿಯನ್ನು ಬದಲಾಯಿಸಲು ಪ್ರಾಧಿಕಾರದ ಕೀಲಿ ಅವಶ್ಯಕ. ಆದರೆ ಈ ಬೀಗವು ತಿದ್ದುವುದನ್ನು ತಡೆಯುತ್ತದೆಯೇ ಹೊರತು ಕಾರ್ಡ್‌ನ ಮೇಲೆ ಮುದ್ರಿತವಾದ ಹೆಸರು, ವಿಳಾಸ, ಜನ್ಮ ದಿನಾಂಕಗಳನ್ನು ಮರೆಮಾಡುವುದಿಲ್ಲ.

ಸಿಮ್ ಕಾರ್ಡ್: ಇದರಲ್ಲಿರುವ ಗುಪ್ತ ಕೀಲಿ ಚಿಪ್‌ನಿಂದ ಹೊರಬರುವುದಿಲ್ಲ. ಸಿಮ್ ಪಿನ್ ಅಳವಡಿಸಿಕೊಂಡಿದ್ದಲ್ಲಿ 3 ಬಾರಿ ತಪ್ಪು ಸಂಖ್ಯೆ ನಮೂದಿಸಿದರೆ ಸಿಮ್ ಬಂದಾಗುತ್ತದೆ. ಅದನ್ನು ತೆರೆಯುವ ಪಿ.ಯು.ಕೆ. ಸಂಖ್ಯೆಯನ್ನು 10 ಬಾರಿ ತಪ್ಪಾಗಿ ನಮೂದಿಸಿದಲ್ಲಿ ಸಿಮ್ ಶಾಶ್ವತವಾಗಿ ನಿರುಪಯುಕ್ತವಾಗುತ್ತದೆ.

ಬ್ಯಾಂಕ್ ಕಾರ್ಡ್: ಹಿಂದಿನ ಕಾರ್ಡ್‌ಗಳ ಕಾಂತೀಯ ಪಟ್ಟಿಯನ್ನು ಸುಲಭವಾಗಿ ನಕಲು ಮಾಡಬಹುದಾಗಿತ್ತು. ಆದ್ದರಿಂದ 31-12-2018ರೊಳಗೆ ಚಿಪ್ ಕಾರ್ಡ್‌ಗಳನ್ನು ನೀಡುವಂತೆ ಭಾರತೀಯ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ನಿರ್ದೇಶಿಸಿತ್ತು. ಚಿಪ್ ಪ್ರತಿ ವ್ಯವಹಾರಕ್ಕೂ ಹೊಸ ಸಂಕೇತವನ್ನು ನೀಡುತ್ತದೆ.

ಡಿಜಿಟಲ್ ಸಹಿ ಟೋಕನ್: ಇದನ್ನು ಗುತ್ತಿಗೆದಾರರು ಮತ್ತು ಸಂಘ-ಸಂಸ್ಥೆಗಳ ಪದಾಧಿಕಾರಿಗಳು ಬಳಸುತ್ತಾರೆ. ಸಹಿಯ ಖಾಸಗಿ ಕೀಲಿಯು ಟೋಕನ್‌ನ ಒಳಗೇ ಉಳಿಯುತ್ತದೆ. ಟೋಕನ್ ಮತ್ತು ಪಿನ್ ಎರಡನ್ನೂ ಮಧ್ಯವರ್ತಿಗೆ ಒಪ್ಪಿಸುವುದು ಖಾಲಿ ಕಾಗದಕ್ಕೆ ಸಹಿ ಹಾಕಿ ಕೊಟ್ಟಂತೆಯೇ ಸರಿ.

3. ಆಧಾರ್ ಕಾರ್ಡ್‌ನಲ್ಲಿ ಚಿಪ್ ಇರುವುದಿಲ್ಲ

ಆಧಾರ್ ಕಾರ್ಡ್ ಕಾಗದದ್ದಾಗಲಿ, ಪಿ.ವಿ.ಸಿ.ಯದಾಗಲಿ, ಅದರಲ್ಲಿ ಚಿಪ್ ಇಲ್ಲ, ಕ್ಯೂ.ಆರ್. ಸಂಕೇತ ಮಾತ್ರ ಇರುತ್ತದೆ. ಖಾಸಗಿ ಅಂಗಡಿಗಳಲ್ಲಿ 'ಆಧಾರ್ ಸ್ಮಾರ್ಟ್ ಕಾರ್ಡ್' ಮಾಡಿಸುವುದು ಅನವಶ್ಯಕವೆಂದೂ, ಇದರಿಂದ ಮಾಹಿತಿ ಅನ್ಯರ ಪಾಲಾಗಬಹುದೆಂದೂ ಭಾರತೀಯ ವಿಶಿಷ್ಟ ಗುರುತಿನ ಪ್ರಾಧಿಕಾರವು 2018ರಲ್ಲಿಯೇ ಎಚ್ಚರಿಸಿದೆ. ಪೂರ್ಣ ಸಂಖ್ಯೆಯ ಅವಶ್ಯಕತೆ ಇಲ್ಲದ ಕಡೆ ಕೊನೆಯ 4 ಅಂಕಿಗಳು ಮಾತ್ರ ಕಾಣುವ ಮರೆಮಾಚಿದ ಆಧಾರ್ ಪ್ರತಿಯನ್ನು ಬಳಸಬಹುದು.

4. ಬೀಗವಿಲ್ಲದ ಚಿಪ್‌ಗಳು

ಸಾಮಾನ್ಯ ಪೆನ್ ಡ್ರೈವ್ ಹಾಗೂ ಮೆಮೊರಿ ಕಾರ್ಡ್‌ಗಳಿಗೆ ಬೀಗವಿಲ್ಲ. ಯಾವುದೇ ಗಣಕಯಂತ್ರಕ್ಕೆ ಜೋಡಿಸಿದ ಕೂಡಲೇ ಅವುಗಳಲ್ಲಿರುವುದೆಲ್ಲವೂ ತೆರೆದುಕೊಳ್ಳುತ್ತದೆ. ಒಂದು ಆದಾಯ ಪ್ರಮಾಣಪತ್ರದ ಮುದ್ರಿತ ಪ್ರತಿಗಾಗಿ ಜೆರಾಕ್ಸ್ ಅಂಗಡಿಯಲ್ಲಿ ನೀಡಿದ ಪೆನ್ ಡ್ರೈವ್‌ನಲ್ಲಿ ಮನೆಯವರೆಲ್ಲರ ಆಧಾರ್, ಬ್ಯಾಂಕ್ ಪಾಸ್ ಪುಸ್ತಕ ಮತ್ತು ಜಮೀನಿನ ದಾಖಲೆಗಳಿದ್ದಲ್ಲಿ, ಅವೆಲ್ಲವೂ ಆ ಯಂತ್ರಕ್ಕೆ ನಕಲಾಗಬಹುದು. ಅರ್ಜಿದಾರರ ಮಾಹಿತಿ ಸುಲಭವಾಗಿ ಸೋರಿಹೋಗಬಹುದಾದ ಸ್ಥಳ ಇದೇ ಆಗಿದೆ.

5. 'ಅಳಿಸು' ಎಂಬ ಆದೇಶದ ಮಿತಿ

ಕಡತವನ್ನು ಅಳಿಸಿದಾಗ ಯಂತ್ರವು ಸಾಮಾನ್ಯವಾಗಿ ಕಡತದ ವಿಳಾಸವನ್ನು ಮಾತ್ರ ತೆಗೆಯುತ್ತದೆ. ಇದು ಪುಸ್ತಕದ ಪರಿವಿಡಿಯಿಂದ ಅಧ್ಯಾಯದ ಹೆಸರನ್ನು ಹೊಡೆದುಹಾಕಿ ಪುಟಗಳನ್ನು ಹಾಗೆಯೇ ಬಿಟ್ಟಂತೆ. ಹೊಸ ಮಾಹಿತಿ ಅದೇ ಜಾಗದಲ್ಲಿ ಬರೆಯಲ್ಪಡುವವರೆಗೆ ಹಳೆಯದನ್ನು ಸೂಕ್ತ ತಂತ್ರಾಂಶದಿಂದ ಮರಳಿ ಪಡೆಯಬಹುದು. ಆದ್ದರಿಂದ ಮಾಹಿತಿಯನ್ನು ಆರಂಭದಿಂದಲೇ ಗೂಢಲಿಪಿಯಲ್ಲಿ ಇಡುವುದು ಹೆಚ್ಚು ಭದ್ರವಾದ ಕ್ರಮ. ಇತ್ತೀಚಿನ ಫೋನುಗಳಲ್ಲಿ ಈ ವ್ಯವಸ್ಥೆ ಇದ್ದು, ಕಾರ್ಖಾನೆ ಸ್ಥಿತಿಗೆ ಮರಳಿಸಿದಾಗ ಗೂಢಲಿಪಿಯ ಕೀಲಿಯೇ ನಾಶವಾಗಿ ಉಳಿದ ಮಾಹಿತಿ ಓದಲಾಗದಂತಾಗುತ್ತದೆ. ಫೋನಿನಲ್ಲಿರುವ ಮೆಮೊರಿ ಕಾರ್ಡ್‌ಗೆ ಇದು ತಾನಾಗಿ ಅನ್ವಯವಾಗುವುದಿಲ್ಲ.

6. ಬೀಗವೂ ಅಭೇದ್ಯವಲ್ಲ

ಪ್ರಪಂಚದ ಹಲವೆಡೆ ಬಸ್, ರೈಲು ಮತ್ತು ಕಟ್ಟಡ ಪ್ರವೇಶಕ್ಕೆ ಬಳಕೆಯಲ್ಲಿದ್ದ 'ಮೈಫೇರ್ ಕ್ಲಾಸಿಕ್' ಚಿಪ್‌ನ ಗೂಢಲಿಪಿಯನ್ನು ಸಂಶೋಧಕರು 2008ರಲ್ಲಿ ಭೇದಿಸಿ ತೋರಿಸಿದರು. ಅದೇ ವರ್ಷ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು, ಗಣಕಯಂತ್ರದ ತಾತ್ಕಾಲಿಕ ಮೆಮೊರಿಯಲ್ಲಿರುವ ಮಾಹಿತಿಯು ವಿದ್ಯುತ್ ನಿಂತ ನಂತರವೂ ಸ್ವಲ್ಪ ಕಾಲ ಉಳಿಯುತ್ತದೆಂದೂ, ಚಿಪ್ಪನ್ನು ತಂಪು ಮಾಡಿದಲ್ಲಿ ಇನ್ನೂ ಹೆಚ್ಚು ಕಾಲ ಉಳಿಯುತ್ತದೆಂದೂ ತೋರಿಸಿದರು. ಆದ್ದರಿಂದ ಮಡಿಕೇರಿಗೆ ಲ್ಯಾಪ್‌ಟಾಪ್ ಕೊಂಡೊಯ್ಯುವವರು ಅದನ್ನು ಮುಚ್ಚಿ ಇಟ್ಟರೆ ಸಾಲದು. ಪ್ರಯಾಣಕ್ಕೆ ಮುನ್ನ ಪೂರ್ಣವಾಗಿ ಸ್ಥಗಿತಗೊಳಿಸುವುದು ಸೂಕ್ತ.

7. ಅರ್ಜಿದಾರರು ಅನುಸರಿಸಬೇಕಾದ ಕ್ರಮಗಳು

(1) ಅರ್ಜಿಗೆ ಬೇಕಾದ ಕಡತಗಳನ್ನು ಮಾತ್ರ ಪ್ರತ್ಯೇಕ ಪೆನ್ ಡ್ರೈವ್‌ನಲ್ಲಿ ಕೊಂಡೊಯ್ಯುವುದು.
(2) ಕಡತಗಳಿಗೆ ಗುಪ್ತಪದ ಅಳವಡಿಸುವುದು. ಇ-ಆಧಾರ್ ಕಡತದ ಗುಪ್ತಪದವು ಹೆಸರಿನ ಮೊದಲ 4 ಅಕ್ಷರ ಮತ್ತು ಜನ್ಮ ವರ್ಷದಿಂದ ಕೂಡಿರುವುದರಿಂದ, ಪರಿಚಿತರು ಅದನ್ನು ಊಹಿಸಬಹುದೆಂಬುದನ್ನು ನೆನಪಿನಲ್ಲಿಡುವುದು.
(3) ಅಂಗಡಿಯ ಗಣಕಯಂತ್ರಕ್ಕೆ ಕಡತವನ್ನು ನಕಲು ಮಾಡಿದ್ದಲ್ಲಿ, ಅದನ್ನು ಮತ್ತು 'ರಿಸೈಕಲ್ ಬಿನ್'ನಲ್ಲಿರುವ ಪ್ರತಿಯನ್ನು ತಮ್ಮ ಸಮಕ್ಷಮದಲ್ಲಿ ತೆಗೆಸುವುದು.
(4) ಪಿನ್ ಸಂಖ್ಯೆಯನ್ನು ಕಾರ್ಡ್‌ನ ಮೇಲಾಗಲಿ, ಅದರ ಚೀಲದಲ್ಲಾಗಲಿ ಬರೆದಿಡದಿರುವುದು.
(5) ಫೋನನ್ನು ಮಾರುವ ಮುನ್ನ ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದು, ಕಾರ್ಖಾನೆ ಸ್ಥಿತಿಗೆ ಮರಳಿಸುವುದು.
(6) ಅವಧಿ ಮುಗಿದ ಬ್ಯಾಂಕ್ ಕಾರ್ಡನ್ನು ಚಿಪ್ ಎರಡು ಭಾಗವಾಗುವಂತೆ ಕತ್ತರಿಸುವುದು. ಕೆಟ್ಟ ಮೆಮೊರಿ ಕಾರ್ಡನ್ನು ತುಂಡರಿಸಿ ವಿಲೇವಾರಿ ಮಾಡುವುದು.
(7) ಮಳೆಗಾಲಕ್ಕೆ ಮುನ್ನ ದಾಖಲೆಗಳನ್ನು ಡಿಜಿಲಾಕರ್‌ನಲ್ಲಿ ಇರಿಸಿಕೊಳ್ಳುವುದು. ಡಿಜಿಲಾಕರ್‌ನಲ್ಲಿರುವ ಚಾಲನಾ ಅನುಜ್ಞಾ ಪತ್ರ ಮತ್ತು ನೋಂದಣಿ ಪತ್ರಗಳಿಗೆ ಮೋಟಾರು ವಾಹನ ನಿಯಮಗಳ 2018ರ ತಿದ್ದುಪಡಿಯಂತೆ ಮಾನ್ಯತೆ ಇದೆ.

8. ಕಳೆದುಹೋದಲ್ಲಿ

ಫೋನ್ ಕಳೆದಲ್ಲಿ ಮೊದಲು ಸಿಮ್ ಅನ್ನು ಕಂಪನಿಯ ಮೂಲಕ ಸ್ಥಗಿತಗೊಳಿಸಿ, ಬ್ಯಾಂಕಿಗೆ ತಿಳಿಸತಕ್ಕದ್ದು. ತರುವಾಯ ಪೊಲೀಸ್ ದೂರಿನ ಪ್ರತಿಯೊಂದಿಗೆ 'ಸಂಚಾರ್ ಸಾಥಿ' ಜಾಲತಾಣದಲ್ಲಿ ಫೋನಿನ ಐ.ಎಂ.ಇ.ಐ. ಸಂಖ್ಯೆಯನ್ನು ನಿರ್ಬಂಧಿಸಲು ಕೋರಬಹುದು. ಡಿಜಿಟಲ್ ಸಹಿ ಟೋಕನ್ ಕಳೆದಲ್ಲಿ ಪ್ರಮಾಣಪತ್ರ ನೀಡಿದ ಸಂಸ್ಥೆಗೆ ತಿಳಿಸಿ ಅದನ್ನು ರದ್ದುಪಡಿಸಬೇಕು. ಚಾಲನಾ ಅನುಜ್ಞಾ ಪತ್ರದ ನಕಲು ಪ್ರತಿಗೆ ಮಡಿಕೇರಿಯ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಸಂಪರ್ಕಿಸಬಹುದು. ಹಣ ವಂಚನೆಯಾಗಿದ್ದಲ್ಲಿ ವಿಳಂಬ ಮಾಡದೆ 1930 ಸಹಾಯವಾಣಿಗೆ ಕರೆ ಮಾಡತಕ್ಕದ್ದು.

9. ಕಾನೂನಿನ ರಕ್ಷಣೆ

ಅನ್ಯರ ಡಿಜಿಟಲ್ ಸಹಿ, ಗುಪ್ತಪದ ಅಥವಾ ವಿಶಿಷ್ಟ ಗುರುತನ್ನು ವಂಚನೆಯಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಪ್ರಕರಣ 66-ಸಿ ಅನ್ವಯ ಅಪರಾಧವಾಗಿದ್ದು, 3 ವರ್ಷಗಳವರೆಗೆ ಕಾರಾವಾಸ ಹಾಗೂ ರೂ. 1 ಲಕ್ಷದವರೆಗೆ ದಂಡ ವಿಧಿಸಬಹುದಾಗಿದೆ.

ಕಳೆದ ಕಾರ್ಡಿಗೆ ಬದಲಾಗಿ ಮತ್ತೊಂದನ್ನು ಪಡೆಯಬಹುದು. ಅನ್ಯರ ಕೈಸೇರಿದ ಮಾಹಿತಿಯನ್ನು ಹಿಂದಕ್ಕೆ ಪಡೆಯಲಾಗದು. ಆದ್ದರಿಂದ ಸಾರ್ವಜನಿಕರು ಮೇಲ್ಕಂಡ ಕ್ರಮಗಳನ್ನು ಪಾಲಿಸುವಂತೆ ಹಾಗೂ ಮನೆಯ ಹಿರಿಯರಿಗೂ ತಿಳಿಸುವಂತೆ ಕೋರಲಾಗಿದೆ.